ಇಳಿಸಿದ ಶ್ರುತಿ

"ಶ್ರುತಿ ಯಾವುದು ಇಡೋಣ?"

ಏಳು ವರ್ಷಗಳ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಹೇಗಿದ್ದೀಯಾ ಅಂತಲೂ ಇಲ್ಲ, ಎಲ್ಲಿದ್ದೆ ಅಂತಲೂ ಇಲ್ಲ!

ತಾಲೀಮಿನ ಕೋಣೆಯಲ್ಲಿದ್ದ ಹದಿನಾಲ್ಕು ವಾದ್ಯಗಾರರೂ ತಲೆ ತಗ್ಗಿಸಿ, ಸರಿಯಾಗೇ ಇದ್ದ ವಾದ್ಯಗಳನ್ನು ಮತ್ತೆ ಸರಿ ಮಾಡತೊಡಗಿದರು. ಕಿವಿಗಳೆಲ್ಲ ಮಾತ್ರ ಇತ್ತಲೇ.

ಅವಳು ನೀರಿನ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದಳು.

"ನನ್ನನ್ನ ಕೇಳ್ತಿದ್ದೀರಾ ಮೇಷ್ಟ್ರೇ? ಕೇಳೋ ಅಭ್ಯಾಸ ಯಾವಾಗಿಂದ ಬಂತು?"

ಅವನ ಮುಖ ಬಿಳಿಚಿಕೊಂಡಿತು.

"ಅವತ್ತು ಇಟ್ಟಿದ್ರಲ್ಲ, ಅದೇ ಇರ್ಲಿ," ಎಂದಳು ಅವಳು. "ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗೆ."

ಅವನು ಪೆನ್ಸಿಲಿನಿಂದ ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಂಡ.

'ಬರ್ಕೋ... ಚೆನ್ನಾಗಿ ಬರ್ಕೋ!' ಎಂದು ಮನಸ್ಸಿನಲ್ಲೇ ಹಲ್ಲು ಕಡಿದಳು ಅವಳು.

ತಂಡದವರು ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಏಳು ವರ್ಷಗಳ ಹಿಂದೆ ಇದೇ ಸಂಗೀತ ನಾಟಕದಲ್ಲಿ ಅವಳಿಗೆ ಮೊದಲ ನಾಯಕಿ ಪಾತ್ರ ಸಿಕ್ಕಿತ್ತು. ಕೊನೆಯ ಹಾಡನ್ನು ಅವಳ ದನಿಯಲ್ಲೇ ಮೊದಲೇ ಧ್ವನಿಮುದ್ರಿಸಿ ಬಿಡುಗಡೆ ಮಾಡಿದ್ದರು. ಆ ಎತ್ತರದ ಸ್ವರ ಊರವರಿಗೆಲ್ಲ ಬಾಯಿಪಾಠ. ವಾದ್ಯಮೇಳ ನಡೆಸುತ್ತಿದ್ದವನು ಇವನು. ನಾಟಕ ಮುಗಿದ ಮೇಲೆ ಮದುವೆ ಎಂದು ಇಬ್ಬರೂ ಮಾತಾಡಿಕೊಂಡಿದ್ದರು.

ಮೊದಲ ಪ್ರದರ್ಶನದ ದಿನ, ಅವಳಿಗೆ ಒಂದು ಮಾತೂ ಹೇಳದೆ, ಅವನು ಶ್ರುತಿಯನ್ನು ಎರಡು ಮನೆ ಇಳಿಸಿಬಿಟ್ಟ! ವೇದಿಕೆ ಮೇಲೆ ನಿಂತು ಮೂರನೇ ಸಾಲು ಹಾಡುವಾಗ ಅವಳಿಗೆ ಅದು ತಿಳಿಯಿತು. ಅಷ್ಟರಲ್ಲಿ ಜನರಿಗೂ ತಿಳಿದಿತ್ತು.

'ಧ್ವನಿಮುದ್ರಣದಲ್ಲಿದ್ದ ದನಿ ವೇದಿಕೆಯಲ್ಲಿ ಇಲ್ಲ' ಎಂದು ಮರುದಿನ ಪತ್ರಿಕೆ ಬರೆಯಿತು. ವಾರದೊಳಗೆ ಪಾತ್ರ ವ್ಯವಸ್ಥಾಪಕರ ಸೊಸೆಯ ಪಾಲಾಯಿತು. ಆ ಸೊಸೆಗಾಗಿಯೇ ಅವನು ತನ್ನನ್ನು ಬೀಳಿಸಿದ ಎಂದು ಇವಳು ತೀರ್ಮಾನಿಸಿದಳು. ಅವನು ಮೂರು ಸಲ ಬಂದು ಬಾಗಿಲು ತಟ್ಟಿದ. ಇವಳು ತೆಗೆಯಲಿಲ್ಲ.

ಈಗ ಅವಳು ದೊಡ್ಡ ನಟಿ. ಆ ನಾಟಕ ಮತ್ತೆ ರಂಗಕ್ಕೆ ಬರುತ್ತದೆ ಎಂದಾಗ ಅವಳು ಹಾಕಿದ್ದು ಒಂದೇ ಷರತ್ತು. ವಾದ್ಯಮೇಳ ಅವನೇ ನಡೆಸಬೇಕು! ಹಳೆಯ ಪ್ರೀತಿ ಇನ್ನೂ ಆರಿಲ್ಲ ಎಂದು ಎಲ್ಲರೂ ಮುಸಿಮುಸಿ ನಕ್ಕರು. ಪಾಪ, ಅವರಿಗೇನು ಗೊತ್ತು...

ಮೊದಲ ಪ್ರದರ್ಶನ ಮಧ್ಯಾಹ್ನ ಮೂರಕ್ಕೆ. ಬಣ್ಣ ಹಚ್ಚುವ ಅಕ್ಕ ಅವಳ ಹುಬ್ಬು ತಿದ್ದುತ್ತಾ ಕೇಳಿದಳು, "ಏನೇ ಮೆಣಸಿನಕಾಯಿ, ಮುಖ ಇಷ್ಟು ಬಿಗಿ ಮಾಡ್ಕೊಂಡ್ರೆ ಬಣ್ಣ ಹೇಗೆ ನಿಲ್ಲತ್ತೆ?"

"ಅಕ್ಕಾ, ಇವತ್ತು ಒಬ್ಬರ ಮಾನ ಹರಾಜಾಗತ್ತೆ. ಕೊನೆ ಹಾಡು ತಪ್ಪಿಸ್ಬೇಡ."

"ಯಾರದ್ದೇ?"

"ವಾದ್ಯದವರ ಮುಂದೆ ಕೋಲು ಹಿಡ್ಕೊಂಡು ನಿಲ್ತಾರಲ್ಲ, ಅವರದ್ದು."

ಅಕ್ಕನ ಕುಂಚ ಹುಬ್ಬಿನ ಮೇಲೇ ನಿಂತಿತು. "ಬೇಡ ಕಣೇ... ಹಾಡು ಕೆಟ್ರೆ ನಿನ್ನ ಮಾನಾನೂ ಹೋಗಲ್ವಾ?"

ಅವಳು ಕುಂಚ ಕಸಿದುಕೊಂಡು ತಾನೇ ಹುಬ್ಬು ತಿದ್ದಿಕೊಂಡಳು.

ಆ ಹಾಡು ನಡೆಯುವ ಬಗೆಯೇ ಅವಳ ಅಸ್ತ್ರ. ಮೊದಲು ಕೊಳಲು ಒಂದು ಸ್ವರ ಕೊಡುತ್ತದೆ. ಆಮೇಲೆ ನಾಲ್ಕು ಸಾಲನ್ನು ನಾಯಕಿ ಒಬ್ಬಳೇ ಹಾಡಬೇಕು. ಐದನೇ ಸಾಲಿಗೆ ಇಡೀ ವಾದ್ಯಮೇಳ ಒಟ್ಟಿಗೆ ಸೇರಿಕೊಳ್ಳಬೇಕು. ಇವತ್ತು ಅವಳು ಕೊಳಲಿನ ಮಾತು ಕೇಳುವುದಿಲ್ಲ. ಎರಡು ಮನೆ ಮೇಲೆ, ತನ್ನ ಹಳೆಯ ಶ್ರುತಿಯಲ್ಲೇ ಎತ್ತಿಕೊಳ್ಳುತ್ತಾಳೆ. ವಾದ್ಯಗಳು ಇಳಿಸಿದ ಶ್ರುತಿಯಲ್ಲಿ ಬಂದು ಅವಳ ದನಿಗೆ ಡಿಕ್ಕಿ ಹೊಡೆಯುತ್ತವೆ. ಸಾವಿರ ಜನರೆದುರು!

ಕೊನೆಯ ಅಂಕ ಬಂತು. ಕೊಳಲು ಸ್ವರ ಕೊಟ್ಟಿತು.

ಅವಳು ಎರಡು ಮನೆ ಮೇಲೆ ಎತ್ತಿಕೊಂಡಳು.

ಮೊದಲ ಸಾಲು. ವೇದಿಕೆಯ ಮುಂದಿನ ತಗ್ಗಿನಲ್ಲಿ ಅವನು ತಟ್ಟನೆ ತಲೆ ಎತ್ತಿದ. 'ನೋಡು... ನನಗೆ ಹೇಗಾಗಿತ್ತು ಅಂತ ಈಗ ನೋಡು!'

ಎರಡನೇ ಸಾಲು. ಅವನು ಎಡಗೈಯ ಎರಡು ಬೆರಳು ಮೇಲೆತ್ತಿದ. ತಗ್ಗಿನಲ್ಲಿ ಕಾಗದಗಳ ಸರಸರ ಸದ್ದು. ಏನದು?

ಮೂರು... ನಾಲ್ಕು...

ವಾದ್ಯಮೇಳ ಸೇರಿತು. ಅವಳ ಶ್ರುತಿಯಲ್ಲೇ! ಕೂದಲೆಳೆಯಷ್ಟೂ ಆಚೀಚೆ ಇಲ್ಲ!

ಸೇಡು ಕೈಜಾರಿತ್ತು. ಈಗ ಉಳಿದದ್ದು ತುದಿಯ ಆ ಎತ್ತರದ ಸ್ವರ. ಆರು ವಾರದ ತಾಲೀಮಿನಲ್ಲಿ ಒಮ್ಮೆಯೂ ಹಾಡದೇ ಇದ್ದದ್ದು. ಗಂಟಲು ಕೈಕೊಟ್ಟರೆ? ಕೆಳಗೆ ಅವನು ಕೋಲನ್ನು ಗಾಳಿಯಲ್ಲಿ ಹಿಡಿದು ಅವಳ ಉಸಿರಿಗಾಗಿ ಕಾಯುತ್ತಿದ್ದ. ಕಾದೇ ಇದ್ದ. ಅವಳು ಉಸಿರು ತುಂಬಿಕೊಂಡಳು... ಸ್ವರ ಹಿಡಿದಳು.

ಅದು ಒಡೆಯಲಿಲ್ಲ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪರದೆ ಬಿದ್ದ ಕೂಡಲೇ ಅವಳು ಉಡುಪಿನ ನೆರಿಗೆ ಎತ್ತಿ ಹಿಡಿದು ತಗ್ಗಿನ ಮೆಟ್ಟಿಲಿಳಿದಳು.

"ನಾನು ಮೇಲೆ ಎತ್ಕೋತೀನಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ."

"ಸುಳ್ಳು!"

ಕೊಳಲು ನುಡಿಸುವ ಅಜ್ಜ ತನ್ನ ಮುಂದಿದ್ದ ಹಾಳೆ ಎತ್ತಿ ತೋರಿಸಿದರು. ಅದರಡಿಯಲ್ಲಿ ಇನ್ನೊಂದು. ಒಂದು ಇಳಿಸಿದ ಶ್ರುತಿಯದು, ಒಂದು ಮೊದಲಿನದು.

"ಎಲ್ಲರ ಹತ್ರಾನೂ ಎರಡೆರಡು ಇದೆ ತಾಯಿ. ಎರಡು ಬೆರಳೆತ್ತಿದ್ರೆ ಅಡಿಗಿರೋ ಹಾಳೆ ತೆಗೀಬೇಕು ಅಂತ ಮೊದಲ ದಿನಾನೇ ಇವನು ಹೇಳಿದ್ದ. ಮಾತಾಡೋ ಮಾರಾಯ, ಇನ್ನೆಷ್ಟು ವರ್ಷ ಬಾಯಿಗೆ ಬೀಗ?" ಎಂದು ಅವನನ್ನು ಗದರಿ, ಅಜ್ಜ ಉಳಿದವರನ್ನೆಲ್ಲ ಹೊರಡಿಸಿಕೊಂಡು ಹೋದರು.

ಅವನು ನೆಲ ನೋಡುತ್ತಾ ಹೇಳಿದ, "ಅವತ್ತು ಬೆಳಗ್ಗೆ ನಿನ್ನ ಕರವಸ್ತ್ರ ನೋಡಿದ್ದೆ. ಅದರಲ್ಲಿ ರಕ್ತ ಇತ್ತು."

ಆ ರಕ್ತದ ವಿಷಯವನ್ನು ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ. 'ಇನ್ನೊಂದು ಸಲ ಎತ್ತರಕ್ಕೆ ಹಾಡಿದ್ದಿದ್ರೆ ದನಿ ಹೋಗ್ತಿತ್ತು' ಎಂದು ಗಂಟಲ ವೈದ್ಯರು ಹೇಳಿದ್ದು ಆಮೇಲೆ. ಮೂರು ತಿಂಗಳು ಮೌನವಾಗಿದ್ದು ಅವಳು ದನಿ ಉಳಿಸಿಕೊಂಡಿದ್ದಳು.

"ಹಾಗಾದ್ರೆ ನನಗೆ ಯಾಕೆ ಹೇಳ್ಲಿಲ್ಲ?!"

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಬೇರೆಯವರಿಗೆ ಹೇಳಿದ್ರೆ ನಿನಗೆ ಇನ್ಯಾರೂ ಪಾತ್ರ ಕೊಡ್ತಿರ್ಲಿಲ್ಲ."

"ಅದು ನನ್ನ ಗಂಟಲು ಕಣೋ! ಒಪ್ಪೋದೋ ಬಿಡೋದೋ ನನಗೆ ಬಿಟ್ಟಿದ್ದು!" ಕಣ್ಣೀರು ಬಣ್ಣವನ್ನೆಲ್ಲ ಕಲಸುತ್ತಿತ್ತು. "ಏಳು ವರ್ಷ... ನಿನ್ನ ಸೋಲಿಸ್ಬೇಕು ಅಂತ ಒಂದೇ ಯೋಚನೇಲಿ ಬದುಕಿದ್ದೀನಿ, ಗೊತ್ತಾ?"

"ಗೊತ್ತು. ಶ್ರುತಿ ಇಳಿಸಿದ್ದು ತಪ್ಪಲ್ಲ, ಈಗ್ಲೂ ಹೇಳ್ತೀನಿ. ನಿನ್ನ ಕೇಳದೆ ಇಳಿಸಿದ್ದು ತಪ್ಪು. ಅವತ್ತು ಒಂದೇ ಹಾಳೆ ಇಟ್ಟಿದ್ದೆ. ಅದಕ್ಕೇ ಈ ಸಲ ಎರಡು."

ಅವಳಿಗೆ ಹೊಡೆಯಬೇಕು ಅನಿಸಿತು. ಅಪ್ಪಿಕೊಳ್ಳಬೇಕು ಅಂತಲೂ ಅನಿಸಿತು. ಎರಡೂ ಒಟ್ಟಿಗೇ ಆಗಿಹೋಯಿತು. ಅವನ ಎದೆಗೆ ಗುದ್ದಿದ ಮುಷ್ಟಿ ಅಲ್ಲೇ ಅಂಗಿ ಹಿಡಿದುಕೊಂಡಿತು.

"ನಾನಿನ್ನೂ ಕ್ಷಮಿಸಿಲ್ಲ."

"ಆತುರವಿಲ್ಲ. ಇನ್ನೂ ಮೂವತ್ತೊಂಬತ್ತು ಪ್ರದರ್ಶನ ಇದೆ."

"ಅಷ್ಟರಲ್ಲೂ ಕ್ಷಮಿಸ್ದೆ ಇದ್ರೆ?"

"ಮದುವೆ ಆದ್ಮೇಲೂ ಕಾಯ್ತೀನಿ. ಆಗ್ತೀಯಾ?"

ಅವಳು ಮೂಗು ಒರೆಸಿಕೊಂಡಳು. "ಹ್ಞೂಂ... ಆದ್ರೆ ಜೀವನಪೂರ್ತಿ ಕಾಟ ಕೊಡ್ತೀನಿ, ನೋಡ್ತಿರು."

ಅವನು ಮೊದಲ ಬಾರಿಗೆ ನಕ್ಕು, ಪೆನ್ಸಿಲ್ ತೆಗೆದ. "ನಾಳೆಗೆ ಶ್ರುತಿ ಯಾವುದು ಇಡೋಣ?"

ಅವಳು ತನ್ನ ಗಂಟಲನ್ನು ಮೆಲ್ಲಗೆ ಮುಟ್ಟಿಕೊಂಡಳು. ಉರಿಯುತ್ತಿತ್ತು.

"ಎರಡು ಮನೆ ಕೆಳಗೆ," ಎಂದಳು. "ಈ ಸಲ ನಾನು ಹೇಳ್ತಿದ್ದೀನಿ, ಬರ್ಕೋ."