ಮ್ಯಾಮತ್ ಮರಿಯ ಒಂದು ಹಿಡಿ ಕೂದಲು

ಮ್ಯಾಮತ್ ಮರಿಯ ಎಡ ಭುಜದ ಮೇಲೆ ಒಂದು ಹಿಡಿ ಕೆಂಗೂದಲು ಇರಲಿಲ್ಲ. ಬುಡಕ್ಕೇ ಕುಯ್ದಿದ್ದರು!

ಬೆಳಿಗ್ಗೆ ಎಂಟಕ್ಕೆ ಅದನ್ನು ಮೊದಲು ಕಂಡವಳು ಕ್ಯುನ್ನೇಯ್— ಗಡಿಯಾಚೆಯ ಯಾಕುತ್ಸ್ಕ್‌ನಿಂದ ಮರಿಯ ಜೊತೆಗೇ ಬಂದಿದ್ದ ಅಲ್ಲಿನ ಸಂಗ್ರಹಾಲಯದ ಪಾಲಕಿ. ನಲವತ್ತು ಸಾವಿರ ವರ್ಷ ಹೆಪ್ಪುಗಟ್ಟಿದ ನೆಲದಡಿ ಮಲಗಿದ್ದ ಆ ಪುರಾತನ ಆನೆಮರಿ ಚೀನಾದ ಹಾರ್ಬಿನ್‌ಗೆ ಬಂದು ಆರೇ ದಿನವಾಗಿತ್ತು. ಹತ್ತಕ್ಕೆ ಪ್ರದರ್ಶನದ ಉದ್ಘಾಟನೆ. ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಗೆಳೆತನದ ಸೇತುವೆ' ಎಂದು ಬರೆಸಿದ್ದರು.

ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ. ಇನ್ಸ್‌ಪೆಕ್ಟರ್ ತಾಂಗ್ ಯೂಜೆನ್ ಒಳಗೆ ಕಾಲಿಟ್ಟವಳೇ, ಊರಿನವರೆಲ್ಲರ ಹಾಗೆ, ಬಾಗಿಲಲ್ಲೇ ನಿಂತು ಕನ್ನಡಕ ತೆಗೆದು ಶಾಲಿನಂಚಿನಿಂದ ಒರೆಸತೊಡಗಿದಳು. ಅಷ್ಟರಲ್ಲೇ ಮೈಕಿನಲ್ಲಿ ಇಲ್ಲಿನ ಸಂಗ್ರಹಾಲಯದ ನಿರ್ದೇಶಕ ಗುವಾನ್‌ನ ದನಿ ಮೊಳಗಿತು.

"ಪತ್ರಕರ್ತ ಮಿತ್ರರೇ, ಗಾಬರಿ ಬೇಡ. ಕಳ್ಳ ಸಿಕ್ಕಿದ್ದಾನೆ. ಮರಿಯನ್ನ ಹುಡುಕಿದ ಪ್ರೊಕೋಪಿಯೇ! ಸಂಜೆ ವಿಮಾನಕ್ಕೇ ವಾಪಸ್ ಕಳಿಸ್ತೀವಿ."

ತಾಂಗ್‌ಗೆ ಮೈಯೆಲ್ಲ ಉರಿದುಹೋಯಿತು. "ತನಿಖೆ ಮಾಡೋಳು ಇನ್ನೂ ಬಾಗಿಲಲ್ಲಿದೀನಿ, ಒಳಗೆ ತೀರ್ಪೂ ಆಗಿಹೋಯ್ತಾ?"

ಮೂಲೆಯ ಬೆಂಚಿನ ಮೇಲೆ ಪ್ರೊಕೋಪಿ ಕುಳಿತಿದ್ದ. ಎಪ್ಪತ್ತು ದಾಟಿದ ಬೇಟೆಗಾರ. ತುಪ್ಪಳದ ಟೋಪಿ ಮಡಿಲಲ್ಲಿತ್ತು. ದಂತದ ವ್ಯಾಪಾರಿಗಳು ಹೊಸ ಮನೆಯನ್ನೇ ಕಟ್ಟಿಸಿಕೊಡುತ್ತೇವೆಂದರೂ ಕೇಳದೆ, ಸಿಕ್ಕ ಮರಿಯನ್ನು ಪುಕ್ಕಟೆಯಾಗಿ ಯಾಕುತ್ಸ್ಕ್ ಸಂಗ್ರಹಾಲಯಕ್ಕೆ ಒಪ್ಪಿಸಿದವನು. ಅವನ ಮುಂದಿನ ಮೇಜಿನ ಮೇಲೆ ಒಂದು ಸಣ್ಣ ಚಾಕು ಮತ್ತು ಬಿಳಿ ಕುದುರೆಯ ಜೂಲಿನ ಎಳೆಗಳಿದ್ದವು.

"ಬೆಳಿಗ್ಗೆ ಏನು ಮಾಡಿದಿರಿ ಅಜ್ಜ?" ಎಂದು ತಾಂಗ್ ಕೇಳಿದಳು.

ಅವನು ಮೆಲ್ಲಗೆ ಹೇಳಿದ್ದನ್ನು ಕ್ಯುನ್ನೇಯ್ ಚೀನಿಯಲ್ಲಿ ಹೇಳಿದಳು. "ಏಳೂವರೆಗೆ ಬಂದು ಮರಿ ಮುಂದೆ ದೋಸೆ, ಬೆಣ್ಣೆ ಇಟ್ರಂತೆ. ಗಾಜಿನ ಪೆಟ್ಟಿಗೆಗೆ ಜೂಲು ಕಟ್ಟಿದ್ರಂತೆ. ಮಲಗಿದ್ದೋಳನ್ನ ಎಬ್ಬಿಸಿ ಪರವೂರಿಗೆ ತಂದ್ವಲ್ಲ, ಅದಕ್ಕೆ ಕ್ಷಮೆ ಕೇಳ್ಬೇಕು. ನಮ್ಮ ಪದ್ಧತಿ. ಮೈ ಮುಟ್ಟಿಲ್ಲ ಅಂತಾರೆ."

"ಆ ದೋಸೆ ಎಲ್ಲಿ?"

"ಕಸದ ಬುಟ್ಟೀಲಿ!" ಕ್ಯುನ್ನೇಯ್ ಸಿಟ್ಟಿನಿಂದ ಹೇಳಿದಳು. "ಕಾವಲಿನವರು ಎಸೆದ್ರು. ಊರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ ಕೇಳ್ತಿದಾರೆ ಅಜ್ಜ. ನಾನೇನು ಹೇಳ್ಲಿ?"

ತಾಂಗ್ ಚಾಕುವನ್ನು ಬೆಳಕಿಗೆ ಹಿಡಿದಳು. ಅಲಗಿನ ತುಂಬ ಬೆಣ್ಣೆಯ ಜಿಡ್ಡು.

"ಪೆಟ್ಟಿಗೆಗೆ ಬೀಗ ಇರಲಿಲ್ವಾ?"

"ಏಳರಿಂದ ಎಂಟರವರೆಗೆ ಇರಲ್ಲ. ಗಾಜಿನ ಹಿಮ ಒರೆಸಿ, ಹಿಂದಿನ ಕೋಣೇಲಿ ತಂಪು ಯಂತ್ರ ನೋಡೋಕೆ ಹೋಗಿದ್ದೆ."

"ಕಣ್ಣಾರೆ ಕಂಡೋನು ನಾನಿದೀನಲ್ಲ, ತಾಂಗಕ್ಕ!" ಎನ್ನುತ್ತ ಚಿನ್ನದಂಚಿನ ಕನ್ನಡಕದವನೊಬ್ಬ ಮುಂದೆ ಬಂದ. ಔಯಾಂಗ್— ದಕ್ಷಿಣದ ಗುವಾಂಗ್‌ಝೋನಿಂದ ಬಂದಿದ್ದ, ಪ್ರದರ್ಶನದ ವ್ಯವಸ್ಥಾಪಕ. "ಹೋಟೆಲಿಂದ ಅರ್ಧ ಗಂಟೆ ನಡ್ಕೊಂಡು ಬಂದೆ. ಏಳೂವರೆಗೆ ಸರಿಯಾಗಿ ಬಾಗಿಲು ತಳ್ತೀನಿ— ಎದುರಿಗೇ ಮುದುಕ! ಚಾಕು ಹಿಡಿದು ಕೂದಲು ಕುಯ್ತಿದಾನೆ!"

"ಎಷ್ಟು ದೂರದಿಂದ?"

"ಇಪ್ಪತ್ತು ಹೆಜ್ಜೆ. ಚಾಕುವಿನ ಹಿಡಿ ಸಹ ಕಾಣಿಸ್ತು."

"ಬಾಗಿಲು ತಳ್ಳಿದ ತಕ್ಷಣ?"

"ತಕ್ಷಣ. ಜೇಬಿಂದ ಕೈ ತೆಗೆಯೋಕೂ ಆಗದೆ ದಂಗಾಗಿ ನಿಂತ್ಬಿಟ್ಟೆ."

"ಕನ್ನಡಕ ಹಾಕಿದ್ರಾ?"

"ಅದಿಲ್ಲದಿದ್ರೆ ನನ್ನ ಕೈ ನನಗೇ ಕಾಣಲ್ಲ."

"ದಿನಾ ನಡ್ಕೊಂಡೇ ಬರ್ತೀರಾ?"

"ಈ ಚಳೀಲಾ? ಹೋಟೆಲಿನ ನೆಲಮಾಳಿಗೆಯಿಂದ ಇಲ್ಲಿನ ನೆಲಮಾಳಿಗೆಗೆ ಕಾರಿನಲ್ಲೇ ಓಡಾಟ. ಇವತ್ತೊಂದಿನ ನಡೆದೆ."

ತಾಂಗ್ ತಲೆದೂಗಿದಳು. "ಒಂದು ಉಪಕಾರ ಮಾಡಿ. ಹೊರಗೆ ಹತ್ತು ನಿಮಿಷ ನಿಂತು ಒಳಗೆ ಬನ್ನಿ. ಕೈ ಜೇಬಲ್ಲೇ ಇರಲಿ."

ಔಯಾಂಗ್ ಗೊಣಗುತ್ತ ಹೋದ. ಮರಳಿ ಬಂದು ಬಾಗಿಲು ತಳ್ಳಿದ್ದೇ ತಡ, ಕನ್ನಡಕದ ಗಾಜುಗಳೆರಡೂ ಮಜ್ಜಿಗೆ ಬಳಿದ ಹಾಗೆ ಬೆಳ್ಳಗಾದವು.

"ಒರೆಸಬೇಡಿ! ನನ್ನ ಕೈಯಲ್ಲೇನಿದೆ?"

"ಅದು... ಚಾ— ಚಾಕು!"

ಪತ್ರಕರ್ತರು ಗೊಳ್ಳೆಂದು ನಕ್ಕರು. ತಾಂಗ್‌ಳ ಕೈಯಲ್ಲಿದ್ದದ್ದು ಬೀದಿಯಲ್ಲಿ ಕೊಂಡಿದ್ದ, ಹೆಪ್ಪುಗಟ್ಟಿ ಕಪ್ಪಾದ ಪಿಯರ್ ಹಣ್ಣು.

"ಹಾರ್ಬಿನ್‌ನಲ್ಲಿ ಹುಟ್ಟಿದ ಸುಳ್ಳುಗಾರ ಸತ್ತರೂ ಈ ಸುಳ್ಳು ಹೇಳ್ತಿರಲಿಲ್ಲ," ಎಂದಳು ಅವಳು. "ಚಳಿಯಿಂದ ಒಳಗೆ ಬಂದ್ರೆ ಕನ್ನಡಕದವರೆಲ್ಲ ಎರಡು ನಿಮಿಷ ಕುರುಡರೇ. ನೀವು ನಡೆದು ಬಂದಿದ್ರೆ ಏನೂ ಕಂಡಿರೋಲ್ಲ. ಕಂಡಿದ್ರೆ ನಡೆದು ಬಂದಿಲ್ಲ, ಮೊದಲೇ ಒಳಗಿದ್ರಿ! ಅಜ್ಜ ಬೆಣ್ಣೆ ಕುಯ್ದಿಟ್ಟದ್ದನ್ನ ನೋಡಿದ್ರಿ. ಅವರು ಹೋದ ಮೇಲೆ ನೀವೇ ಕತ್ತರಿ ಆಡಿಸಿದ್ರಿ. ಅವರ ಚಾಕು ನೋಡಿ— ಅಲಗಿನ ತುಂಬ ಬೆಣ್ಣೆ. ಅದರಲ್ಲಿ ಕೂದಲು ಕುಯ್ದಿದ್ರೆ ಒಂದೆಳೆಯಾದ್ರೂ ಅಂಟ್ತಿರಲಿಲ್ವಾ? ಎಲ್ಲಿ, ನಿಮ್ಮ ಚೀಲ ತೆಗೀರಿ!"

ಚೀಲದಲ್ಲಿ ಕೆಂಪು ಜರಿಯ ಪೆಟ್ಟಿಗೆಯೊಂದಿತ್ತು. ಒಳಗೆ ರೇಷ್ಮೆ ದಾರ ಕಟ್ಟಿದ ಕೆಂಗೂದಲು. ಪ್ರದರ್ಶನಕ್ಕೆ ಹಣ ಕೊಟ್ಟಿದ್ದ ಧಣಿಯ ಹೆಸರು ಬರೆದು, ಕೆಳಗೆ 'ಗೆಳೆತನದ ನೆನಪಿಗೆ' ಎಂದು ಸೇರಿಸಿದ್ದ ಚೀಟಿ.

"ಕೇಳಿದ್ರು, ಕೊಡ್ಬೇಕಾಯ್ತು," ಎಂದ ಔಯಾಂಗ್. "ಸತ್ತ ಪ್ರಾಣಿಯ ಒಂದು ಹಿಡಿ ಕೂದಲಿಗೆ ಇಷ್ಟೊಂದು ರಂಪವಾ?"

ಪ್ರೊಕೋಪಿ ತಲೆಯೆತ್ತಿ ಒಂದೇ ಮಾತು ಹೇಳಿದ. ಕ್ಯುನ್ನೇಯ್ ಅದನ್ನು ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು:

"ನಲವತ್ತು ಸಾವಿರ ವರ್ಷ ಮಣ್ಣು ಇವಳ ಒಂದು ಕೂದಲೂ ಕಿತ್ತುಕೊಳ್ಳಲಿಲ್ಲ. ನೀವು ಆರು ದಿನ ತಡೀಲಿಲ್ಲ."

ಔಯಾಂಗ್‌ನನ್ನು ಪೊಲೀಸರು ಕರೆದೊಯ್ದರು. ನಿರ್ದೇಶಕ ಗುವಾನ್ ಮೆಲ್ಲಗೆ ಬೆಂಚಿನ ಬಳಿ ಬಂದು, ಬಗ್ಗಿ, ಮುದುಕನ ಕಿವಿಯಲ್ಲಿ ಪಿಸುಗುಟ್ಟಿದ. "ತಪ್ಪಾಯ್ತು ಅಜ್ಜ. ಹೊಟ್ಟೆಗೆ ಹಾಕ್ಕೊಳ್ಳಿ."

ತಾಂಗ್ ಅವನ ತೋಳು ಹಿಡಿದು ಎತ್ತಿ ನಿಲ್ಲಿಸಿದಳು.

"ಕಳ್ಳ ಅಂತ ಮೈಕಿನಲ್ಲಿ ಹೇಳಿದ್ರಲ್ಲ ಸ್ವಾಮಿ? ಕಳ್ಳ ಅಲ್ಲ ಅನ್ನೋದನ್ನ ಕಿವಿಯಲ್ಲಿ ಯಾಕೆ ಹೇಳ್ತೀರಿ?"

ಗುವಾನ್ ತಲೆ ತಗ್ಗಿಸಿ ಮೈಕಿನ ಕಡೆಗೆ ನಡೆದ. ಪ್ರೊಕೋಪಿ ಮಡಿಲಲ್ಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡು, ಕೇಳಿಸಿಕೊಳ್ಳಲು ಎದ್ದು ನಿಂತ.