ಸಂಕೇತನ ಕಿಟಕಿ

“ಈ ಕಿಟಕಿ ಬಿಡಿಸಿದ್ದು ಯಾರು?”

ಬಾಗಿಲಲ್ಲೇ ನಿಂತು ಕೂಗಿದ ಆ ದನಿಗೆ ನಾಗಶ್ರೀಯ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಕಾರವಾರದ ಆ ಪುಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವವಳು ಅವಳೊಬ್ಬಳೇ. ಬಂದವನು ಬಿಣಗಾದ ಸಂಕೇತ, ಹೊಸ ಸೈಟ್ ಇಂಜಿನಿಯರ್. ಬೂಟಿನ ತುಂಬ ಕೆಂಪು ಮಣ್ಣು, ಕೈಯಲ್ಲಿ ಅವಳದೇ ನಕ್ಷೆಯ ಸುರುಳಿ.

“ನಾನೇ. ಎಂತ ಆಯ್ತು?”

“ಎಂತ ಆಯ್ತಾ? ಅಂಕೋಲೆಯಲ್ಲಿ ಕಟ್ತಾ ಇರೋದು ವಾಚನಾಲಯ ಮಾರಾಯ್ರೆ! ಅಲ್ಲಿ ಮಳೆ ಅಡ್ಡಡ್ಡ ಹೊಡೀತದೆ. ಈ ಬೋಳು ಗಾಜಿನ ಕಿಟಕಿ ತೆರೆದ್ರೆ ಪುಸ್ತಕ ಒದ್ದೆ, ಮುಚ್ಚಿದ್ರೆ ಓದೋರು ಬೆವರಲ್ಲಿ ಒದ್ದೆ!”

“ಸಾಫ್ಟ್‌ವೇರ್‌ನಲ್ಲಿ ತಯಾರಾಗಿ ಸಿಗೋದೇ ಇಂಥವು. ಹೊರದೇಶದವ್ರು ಮಾಡಿಟ್ಟಿದ್ದು…”

“ಹಾಗಾದ್ರೆ ಹೊರದೇಶದಲ್ಲೇ ಕಟ್ಟಿ!”

ಬಂದಷ್ಟೇ ರಭಸದಿಂದ ಹೋಗಿಬಿಟ್ಟ. ನಾಗಶ್ರೀಯ ಕಣ್ಣು ತುಂಬಿತು.

‘ನಾನು ಅಂಕೋಲೆ ಕಡೆಯವಳೇ! ನನಗೇ ಮಳೆ ಕಲಿಸ್ತಾನಾ?’

ಆದರೆ ಅವಳಿಗೆ ಹೆಚ್ಚು ಉರಿದದ್ದು, ಅವನು ಹೇಳಿದ್ದು ನಿಜವಾಗಿತ್ತಲ್ಲ… ಅದಕ್ಕೆ.

ಸಿದ್ಧ ಕಿಟಕಿ ಇಲ್ಲದಿದ್ದರೆ ಏನಂತೆ, ನಾನೇ ಮಾಡುತ್ತೇನೆ! 2006ರ ಆ ಬೇಸಿಗೆಯಲ್ಲಿ ಹೀಗೆ ಹಟ ಹಿಡಿದು ಕೂತಳು. ಮೊದಲು ಚೌಕಟ್ಟು. ಅದರೊಳಗೆ ಹೊರಕ್ಕೆ ಇಳಿಜಾರಾದ ಮರದ ಪಟ್ಟಿಗಳು. ನೀರು ಹೊರಗೇ ಜಾರಬೇಕು, ಗಾಳಿ ಒಳಗೆ ಬರಬೇಕು. ಬಿಡಿಸುವುದು ಸುಲಭವಿತ್ತು. ಆದರೆ ವಾಚನಾಲಯದ ಒಂದೊಂದು ಗೋಡೆಗೆ ಒಂದೊಂದು ಅಳತೆ. ಕಂಪ್ಯೂಟರಿನಲ್ಲಿ ಅಳತೆ ಬದಲಿಸಿದ ಕೂಡಲೇ ನಕ್ಷೆಯ ಕಿಟಕಿ ತಾನೇ ಹೊಂದಿಕೊಳ್ಳಬೇಕು. ಅವಳು ಅಗಲ ಹೆಚ್ಚಿಸಿದರೆ ಪಟ್ಟಿಗಳು ಚೌಕಟ್ಟು ಬಿಟ್ಟು ಹೊರಗೆ ಚಾಚುತ್ತಿದ್ದವು, ಎತ್ತರ ಹೆಚ್ಚಿಸಿದರೆ ಮೇಲೆ ಬಾಯಿ ಬಿಟ್ಟಂತೆ ಸಂದಿ! ಅಳಿಸುವಳು, ಅಳತೆಯ ಸೂತ್ರ ತಿದ್ದುವಳು, ಮತ್ತೆ ಮಾಡುವಳು.

“ಪಟ್ಟಿ ಇನ್ನೂ ಸ್ವಲ್ಪ ಬಾಗಲಿ… ಆಗ ಎರಚಲು ಒಳಗೆ ಬರೂದಿಲ್ಲ.”

ಬೆನ್ನ ಹಿಂದೆ ಸಂಕೇತ! ಈ ಸಲ ದನಿ ಮೆತ್ತಗಿತ್ತು.

“ಅಂದು ಕೂಗಾಡಿದ್ದು ತಪ್ಪಾಯ್ತು,” ಎಂದ.

“ತಪ್ಪು ಕೂಗಿದ್ದಷ್ಟೇ. ಹೇಳಿದ್ದಲ್ಲ,” ಎಂದಳು. ಇಬ್ಬರೂ ನಕ್ಕರು.

ಆಮೇಲೆ ಅವನಿಗೆ ಆಫೀಸಿಗೆ ಬರಲು ದಿನಾ ಒಂದು ನೆಪ ಸಿಗತೊಡಗಿತು. ಕೊನೆಗೊಂದು ಸಂಜೆ ಅವಳು ಹೊಸ ಅಗಲದ ಅಂಕಿ ಒತ್ತಿದಾಗ, ಪರದೆಯ ಮೇಲೆ ಕಿಟಕಿ ಹಿಗ್ಗಿತು. ಪಟ್ಟಿಗಳೆಲ್ಲ ತಾವಾಗಿಯೇ ಸಾಲಾಗಿ ಕೂತವು!

“ಸಂಕೇತಾ, ನೋಡು! ನೋಡೋ!”

‘ಅಯ್ಯೋ, ಏಕವಚನ!’ ನಾಲಿಗೆ ಕಚ್ಚಿಕೊಂಡಳು. ಅವನು ಪರದೆ ನೋಡುತ್ತಲೇ ಇರಲಿಲ್ಲ.

“ನೋಡ್ತಾನೇ ಇದ್ದೆ,” ಎಂದ, ಅವಳ ಮುಖವನ್ನೇ ದಿಟ್ಟಿಸುತ್ತ.

ಆ ಸಂತೋಷ ಒಂದು ವಾರವೂ ಬಾಳಲಿಲ್ಲ. ಆಫೀಸಿನ ಯಜಮಾನ ದೇವಿದಾಸ ಸರ್ ಫೋನ್ ಇಟ್ಟು ನಗುತ್ತ ಹೇಳಿದರು: “ವಾಚನಾಲಯ ಕಟ್ಟಿಸೋ ಗೋದಾವರಿ ಟೀಚರ್ ಇದ್ದಾರಲ್ಲ, ಅಕ್ಕೋರು, ಅವ್ರ ಫೋನು. ‘ಸಂಕೇತನ ಕಿಟಕಿ’ ಅವ್ರಿಗೆ ಬಾಳ ಮನಸ್ಸಿಗೆ ಬಂತಂತೆ!”

ಸಂಕೇತನ ಕಿಟಕಿ…?

ಸಂಕೇತನನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸ್ವಾಭಿಮಾನ ಬಾಯಿ ಕಟ್ಟಿತು. ನನ್ನದನ್ನು ನನ್ನದು ಎಂದು ಅವನೇ ಹೇಳಬೇಕಿತ್ತಲ್ಲ! ಅವನು ಬಂದರೆ ಎದ್ದು ಹೋದಳು, ಫೋನ್ ಮಾಡಿದರೆ ಎತ್ತಲಿಲ್ಲ. ತಾನು ಮಾಡಿದ ಕಿಟಕಿಯ ನಕ್ಷೆಯನ್ನು ಗೋವಾದ ಮಡಗಾಂವಿನ ದೊಡ್ಡ ಕಚೇರಿಯೊಂದಕ್ಕೆ ಒಯ್ದು ತೋರಿಸಿದಳು. ಅವರು ಕೂಡಲೇ ಕೆಲಸ ಕೊಟ್ಟರು.

ಮಳೆಗಾಲ ಶುರುವಾದ ಮೊದಲ ವಾರ, ಕಿಟಕಿ ಕೂರಿಸಿದ ಮೇಲೆ ಅಕ್ಕೋರು ಎಲ್ಲರನ್ನೂ ಅಂಕೋಲೆಗೆ ಕರೆದರು. ನಾಗಶ್ರೀ ಮನಸ್ಸಿಲ್ಲದೆ ಹೋದಳು. ಹೊರಗೆ ಸಮುದ್ರದ ಗಾಳಿ ಮಳೆಯನ್ನು ಎತ್ತೆತ್ತಿ ಎರಚುತ್ತಿತ್ತು. ಒಳಗೆ ಕಾಲಿಟ್ಟವಳು ಹಾಗೇ ನಿಂತಳು. ತಂಗಾಳಿ ಅವಳ ಹಣೆಯ ಕೂದಲನ್ನು ಹಾರಿಸಿತು. ಕಿಟಕಿಯ ಬುಡಕ್ಕೆ ಕೈಯಿಟ್ಟು ನೋಡಿದಳು… ಒಂದು ಹನಿಯೂ ಇಲ್ಲ!

‘ನಾನು ಮಾಡಿದ್ದು. ನಾನು!’

“ಅಕ್ಕೋರೇ, ಇವ್ಳೇ ನಾಗಶ್ರೀ,” ಎಂದ ಸಂಕೇತ.

ಅಕ್ಕೋರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಟ್ಟಿಯಾಗಿ ನಕ್ಕರು. “ಹೋ, ನೀನೇ ಏನೇ! ಈ ಪೋರ ಬಂದಾಗೆಲ್ಲ ಒಂದೇ ಪಾಠ ಕಣೇ. ‘ನಾಗಶ್ರೀ ಕಿಟಕಿ ಹಾಗೆ, ನಾಗಶ್ರೀ ಕಿಟಕಿ ಹೀಗೆ’ ಅಂತ! ಕೇಳಿ ಕೇಳಿ ಸಾಕಾಗಿ ನಾವೇ ಅದಕ್ಕೆ ‘ಸಂಕೇತನ ಕಿಟಕಿ’ ಅಂತ ಹೆಸರಿಟ್ವು, ಇವನ್ನ ಕಾಡ್ಲಿಕ್ಕೆ!”

ಸಂಕೇತನ ಕಿವಿ ಕೆಂಪಾಯಿತು. ನಾಗಶ್ರೀಗೆ ನಾಚಿಕೆಯಿಂದ ಎಲ್ಲಿ ನೋಡುವುದೆಂದೇ ತಿಳಿಯದಾಯಿತು.

ಅಕ್ಕೋರು ಅವಳ ಕೈ ಹಿಡಿದು ನೆರೆದವರ ಕಡೆ ತಿರುಗಿದರು. “ನೋಡಿ, ನಮ್ಮ ಅಂಕೋಲೆ ಹುಡುಗಿ! ಈ ಕಿಟಕಿ ಇವಳದು!”

ಚಪ್ಪಾಳೆಯ ನಡುವೆ ಅವಳು ತಲೆ ತಗ್ಗಿಸಲಿಲ್ಲ. ನೀರು ತುಂಬಿದ ಕಣ್ಣಲ್ಲೇ ನೆಟ್ಟಗೆ ನಿಂತಳು.

ಜನ ಚಹಾದ ಕಡೆ ಸರಿದ ಮೇಲೆ ಅವನು ಹತ್ತಿರ ಬಂದ.

“ಫೋನ್ ಯಾಕೆ ಎತ್ತಲಿಲ್ಲ?”

“ನನ್ನ ಕೆಲಸಾನ ನೀನು ನಿನ್ನದು ಅಂತ ಹೇಳ್ಕೊಂಡೆ ಅಂತ ತಿಳಿದಿದ್ದೆ…”

“ಹುಚ್ಚಿ! ನಿನ್ನ ಹೆಸರು ಹೇಳೂದೇ ನನಗೊಂದು ಸಂಭ್ರಮ. ಅದನ್ನ ಬಿಡ್ತೇನಾ?”

ಅವಳು ಮೆಲ್ಲಗೆ ಹೇಳಿದಳು, “ಮಡಗಾಂವಿನಲ್ಲಿ ಕೆಲಸ ಸಿಕ್ಕಿದೆ. ಹೋಗೂದೇ ಸೈ. ಇನ್ನೂ ದೊಡ್ಡ ದೊಡ್ಡದು ಮಾಡಬೇಕು ನಾನು.”

ಅವನ ಮುಖವೆಲ್ಲ ಅರಳಿತು. “ಹೋಗು! ಕಾರವಾರದಿಂದ ರೈಲಿದೆಯಲ್ಲ… ನಾ ಬರ್ತೆ. ಅದಕ್ಕೆ ಮೊದಲು, ನಿಮ್ಮನೆಗೆ ಬಂದು ಆಯಿ ಹತ್ರ ಕೇಳ್ಲಾ?”

“ಆಯಿ ಹತ್ರ ಆಮೇಲೆ. ಮೊದಲು ನನ್ನ ಕೇಳು!”

“ನಾಗಶ್ರೀ… ನನ್ನ ಮದುವೆ ಆಗ್ತ್ಯಾ?”

“ಹ್ಞೂಂ,” ಎಂದಳು ಅವಳು. “ಆದರೆ ಇನ್ನೊಂದ್ಸಲ ಕೇಳು… ಕೇಳ್ಲಿಕ್ಕೆ ಚಂದ ಆಗ್ತದೆ.”