ಗುಬ್ಬಿಯ ಕೊರಳಿನ ಏಳು ಗಂಟು

ಬಹಳ ಬಹಳ ಹಿಂದೆ, ಕುಂದಣಪುರವನ್ನು ಒಬ್ಬ ರಾಣಿ ಆಳುತ್ತಿದ್ದಳು. ಅವಳಿಗೆ ಸಂಪಿಗೆ ಎಂಬ ಒಬ್ಬಳೇ ಮಗಳು. ಮುದ್ದಿಗೂ ಒಂದು ಮಿತಿ ಬೇಡವೇ? ಹುಡುಗಿಗೆ ಹನ್ನೆರಡು ತುಂಬಿದರೂ ತಾಯಿಯೇ ಅನ್ನ ಕಲಸಿ ತುತ್ತಿಡುತ್ತಿದ್ದಳು. ಬಾಳೆಹಣ್ಣು ಸುಲಿಯಲು ದಾಸಿಯರಿದ್ದರು. ಸಂಪಿಗೆಯ ಬೆರಳುಗಳು ಬೆಣ್ಣೆಯಂತೆ ಮೆತ್ತಗೆ ಉಳಿದುಬಿಟ್ಟವು.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದು ರಾಜ್ಯ ಕೇಳಿದ. ರಾಣಿ ಕೊಡಲಿಲ್ಲ. ಅವನು ಅವಳನ್ನು ಗುಬ್ಬಿ ಮಾಡಿ, ಕೊರಳಿಗೆ ರೇಷ್ಮೆದಾರ ಸುತ್ತಿ ಏಳು ಗಂಟು ಹಾಕಿದ. ಕತ್ತರಿಸಿದರೆ ಪ್ರಾಣ ಹೋಗುತ್ತದೆ, ಮಗಳೇ ಬೆರಳಿನಿಂದ ಬಿಚ್ಚಬೇಕು ಎಂದು ಹೇಳಿ, ಸಂಪಿಗೆಯ ಕೈ ನೋಡಿ ನಕ್ಕು ಹೋದ.

ಸಂಪಿಗೆ ಒಮ್ಮೆ ಕೈಹಾಕಿದಳು. ದಾರ ಇನ್ನಷ್ಟು ಬಿಗಿದು ಗುಬ್ಬಿ ವಿಲವಿಲ ಒದ್ದಾಡಿತು. ಅಂದಿನಿಂದ ಗುಬ್ಬಿ ದಿನವೂ ಕಿಟಕಿಗೆ ಬಂದು ಕೂರುತ್ತಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು. ಅಮ್ಮ ಗೇಣು ದೂರದಲ್ಲಿದ್ದರೂ ಮುಟ್ಟುವಂತಿರಲಿಲ್ಲ. ಅವಳಿಗೆ ಅಮ್ಮನ ತುತ್ತಿಗಿಂತ ಅಮ್ಮನ ಕೈ ಬೇಕೆನಿಸುತ್ತಿತ್ತು.

ಕೊನೆಗೆ ಅಡುಗೆಮನೆಯ ಮುದುಕಿ ಪುಟ್ಟೀರಮ್ಮನ ಬಳಿ ಹೋಗಿ ಅತ್ತಳು. ಮುದುಕಿ ಸಮಾಧಾನ ಹೇಳುವ ಗೋಜಿಗೆ ಹೋಗದೆ ಹಿಟ್ಟಿನ ಪರಾತ ಮುಂದೆ ತಳ್ಳಿದಳು.

“ನಾದು, ತಾಯಿ. ಮೊದ್ಲು ಅಂಗೈಗೆ ಕಸುವು ಬರ್ಲಿ. ಬೆರಳಿನ ಮಾತು ಆಮ್ಯಾಕೆ.”

ಒಂದು ತಿಂಗಳು ನಾದಿದಳು. ಮಣಿಕಟ್ಟು ಬಾತುಕೊಂಡಿತು, ಆಮೇಲೆ ಗಟ್ಟಿಯಾಯಿತು. ಈಗ ಬಿಚ್ಚಲೇ ಎಂದಳು. ಇನ್ನೂ ಇಲ್ಲ ಎಂದಳು ಮುದುಕಿ.

ಎರಡನೆಯ ತಿಂಗಳು ಸಾಸಿವೆಯೊಳಗಿನ ಕಲ್ಲನ್ನು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಒಂದೊಂದಾಗಿ ಆರಿಸಿದಳು. ಈಗ ಬಿಚ್ಚಲೇ ಎಂದಳು. ಇನ್ನೂ ಇಲ್ಲ ಎಂದಳು ಮುದುಕಿ.

ಮೂರನೆಯ ತಿಂಗಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದಳು. ಬಿಗಿದರೆ ತೊಟ್ಟು ಮುರಿಯಿತು, ಸಡಿಲ ಬಿಟ್ಟರೆ ಹೂ ಜಾರಿತು. ಹಿಂದೆ ಅವಳ ಜಡೆಗೆ ಹೂ ಕಟ್ಟುತ್ತಿದ್ದ ಅಮ್ಮ ಈಗ ಗುಬ್ಬಿಯಾಗಿ ಕಿಟಕಿಯಲ್ಲಿ ಕತ್ತು ಓರೆ ಮಾಡಿ ನೋಡುತ್ತಿದ್ದಳು. ಕೊನೆಗೊಂದು ದಿನ, ಒಂದು ಹೂವೂ ನಲುಗದೆ ಮೊಳ ಮಾಲೆ ಮುಗಿಯಿತು. ಈ ಸಲ ಸಂಪಿಗೆ ಏನೂ ಕೇಳಲಿಲ್ಲ.

“ಈಗ ಓಗು,” ಎಂದಳು ಮುದುಕಿ.

ಸಂಪಿಗೆಯ ಬೆರಳ ತುದಿಯಲ್ಲಿ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಏಳನೆಯದು ಬಿಚ್ಚಿದೊಡನೆ ರಾಣಿ ಎದುರು ನಿಂತಿದ್ದಳು. ದಾರ ಹಾರಿಹೋಗಿ ಧೂಮಾಕ್ಷನ ಎರಡೂ ಕೈಗೆ ಸುತ್ತಿ ಗಂಟುಬಿದ್ದು ಅವನ ಮಂತ್ರಶಕ್ತಿಯನ್ನೆಲ್ಲ ಹೀರಿತು. ಎಲ್ಲವನ್ನೂ ಮಂತ್ರದಿಂದಲೇ ಮಾಡಿಸಿಕೊಂಡವನಿಗೆ ಗಂಟು ಬಿಚ್ಚುವುದು ಎಲ್ಲಿ ಗೊತ್ತು? ಅವನು ಹಾಗೆಯೇ ದೇಶಾಂತರ ಹೋದ.

ರಾಣಿ ಊಟಕ್ಕೆ ಕುಳಿತಳು. ಅಷ್ಟು ದಿನ ರೆಕ್ಕೆಯಾಗಿದ್ದ ಕೈಯ ಬೆರಳುಗಳು ಮಡಚದೆ ಅನ್ನ ಚೆಲ್ಲಿತು. ಸಂಪಿಗೆ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಅನ್ನ ಕಲಸಿದಳು.

“ಬಾಯಿ ತೆರೆಯಮ್ಮ,” ಎಂದಳು.

ಮುಂದೆ ಕುಂದಣಪುರದಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು. ರಾಣಿಯ ಬೆರಳು ಸರಿಹೋದ ಮೇಲೂ ಮೊದಲ ತುತ್ತು ಮಗಳ ಕೈಯದೇ.